ರೆಂಬ್ರಾಂಟ್‌ನ ‘ಮೂರು ಶಿಲುಬೆಗಳು’: ಒಂದೇ ತಾಮ್ರದ ತಗಡಿನಿಂದ ಎರಡು ಬೇರೆ ಚಿತ್ರ ಹೇಗೆ ಬಂತು?

ಕಪ್ಪುಗೆರೆ ಕೇಳಿದ್ದು

17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್ 1653ರಲ್ಲಿ ಮಾಡಿದ ‘ಮೂರು ಶಿಲುಬೆಗಳು’ ಎಚಿಂಗ್‌ನ (ತಾಮ್ರದ ತಗಡಿನಲ್ಲಿ ಗೆರೆಗಳನ್ನು ಆಮ್ಲದಿಂದ ಕೊರೆಸಿ ತೆಗೆಯುವ ಅಚ್ಚು) ಮೊದಲ ಹಂತದ ಪ್ರತಿ ಮತ್ತು ನಾಲ್ಕನೇ ಹಂತದ (ತಗಡನ್ನು ತಿದ್ದಿ ಅಚ್ಚು ತೆಗೆದಾಗಲೆಲ್ಲ ಒಂದು ಹಂತ) ಪ್ರತಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ತಗಡಿನವು ಎಂದು ನಂಬುವುದೇ ಕಷ್ಟ. ಒಂದರಲ್ಲಿ ಮೇಲಿನಿಂದ ಬೆಳಕು ಸುರಿದು ಕೆಳಗಿನ ಜನರೆಲ್ಲ ಬಿಡಿಬಿಡಿಯಾಗಿ ಕಾಣುತ್ತಾರೆ. ಇನ್ನೊಂದರಲ್ಲಿ ಜಡಿಮಳೆಯಂಥ ಕಪ್ಪು ಗೆರೆಗಳು, ಅರ್ಧ ಜನ ಮಾಯ, ಎಲ್ಲಿಂದಲೋ ಬಂದ ಹೊಸ ಕುದುರೆ ಸವಾರ. ತಾಮ್ರದಲ್ಲಿ ಒಮ್ಮೆ ಕೊರೆದದ್ದನ್ನು ಅಳಿಸುವುದು ಹೇಗೆ?

ಇದರ ಜೊತೆಗೆ ಇನ್ನೂ ಮೂರು ಸಂಶಯ. 1 ಮಿ.ಮೀ. ದಪ್ಪದ, 15×20 ಸೆಂ.ಮೀ. ತಾಮ್ರದ ಮೇಲೆ ಡ್ರೈಪಾಯಿಂಟ್ (ಆಮ್ಲವಿಲ್ಲದೆ ಸೂಜಿಯಿಂದಲೇ ತಗಡನ್ನು ಗೀರುವುದು) ಮಾಡಿದಾಗ ಮೊದಲ ಮೂರು-ನಾಲ್ಕು ಪ್ರತಿಗಳಲ್ಲಿ ಮಾತ್ರ ಮಖಮಲ್ಲಿನಂಥ ಕಪ್ಪು ಬರುತ್ತದೆ, ಎಂಟನೆಯದಕ್ಕೆ ಬರೀ ತಂತಿಗೆರೆ ಉಳಿಯುತ್ತದೆ. ಯಾಕೆ? ಸರ್ಕ್ಯೂಟ್ ಬೋರ್ಡಿಗೆ ಬಳಸುವ ಫೆರಿಕ್ ಕ್ಲೋರೈಡಿನಲ್ಲಿ ಎಚಿಂಗ್ ಮಾಡಿದರೆ ಗೆರೆ ತುಂಡುತುಂಡಾಗಿ, ಬಯಲು ಜಾಗದಲ್ಲಿ ಸಿಡುಬಿನ ಕಲೆಯಂಥ ಚುಕ್ಕಿ ಬೀಳುತ್ತವೆ. ಯಾಕೆ? ಹಾಗೇ ಹರಾಜಿನ ತಾಣಗಳಲ್ಲಿ ‘ಅಸಲಿ ರೆಂಬ್ರಾಂಟ್, ಬಸಾನ್ ಅಚ್ಚು’ ಎಂದು ಬರೆದಿರುತ್ತಾರಲ್ಲ, ಅದರ ಅರ್ಥವೇನು?

ಮೊಘಲ್ ಚಿತ್ರಗಳನ್ನು ರೆಂಬ್ರಾಂಟ್ ನಕಲು ಮಾಡಿದ್ದ ಎನ್ನುವುದು ನಿಜವೋ, ವಾಟ್ಸ್ಯಾಪ್ ಕತೆಯೋ ಎಂಬುದನ್ನೂ ಗೊತ್ತಿದ್ದವರು ಹೇಳಿ.

ತಗಡುಕೆಲಸ ಉತ್ತರ

ಮೊದಲು ಒಂದು ತಿದ್ದುಪಡಿ. ‘ಮೂರು ಶಿಲುಬೆಗಳು’ ಎಚಿಂಗೇ ಅಲ್ಲ. ಅದರಲ್ಲಿ ಆಮ್ಲಕ್ಕೆ ಪಾಲಿಲ್ಲ. ಸುಮಾರು 38×45 ಸೆಂ.ಮೀ. ತಗಡಿನ ಮೇಲೆ ಪೂರ್ತಿ ಡ್ರೈಪಾಯಿಂಟ್, ಅಲ್ಲಲ್ಲಿ ಬ್ಯೂರಿನ್ (ಲೋಹ ಕೆತ್ತುವ ಚೂಪು ಉಳಿ) ಕೆಲಸ. ನಿಮ್ಮ ಮೊದಲೆರಡು ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

ಡ್ರೈಪಾಯಿಂಟ್ ಸೂಜಿ ತಾಮ್ರವನ್ನು ಕಿತ್ತು ಹೊರಹಾಕುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ನೇಗಿಲು ಹೋದ ಕಡೆ ಸಾಲಿನ ಪಕ್ಕ ಮಣ್ಣು ಏರಿಯಾಗಿ ನಿಲ್ಲುತ್ತದಲ್ಲ, ಹಾಗೆ. ಆ ಏರಿಯೇ ಬರ್. ಮಖಮಲ್ ಕಪ್ಪು ಬರುವುದು ಸಾಲಿನೊಳಗಿನ ಮಸಿಯಿಂದಲ್ಲ, ಏರಿಯ ಸಂದಿಗೊಂದಿಯಲ್ಲಿ ಸಿಕ್ಕಿಕೊಂಡ ಮಸಿಯಿಂದ. ಪ್ರತಿ ಸಲ ಬಟ್ಟೆಯಲ್ಲಿ ಒರೆಸಿದಾಗ, ಪ್ರತಿ ಸಲ ಪ್ರೆಸ್ಸಿನ ಉರುಳೆ ಹಾದಾಗ ಏರಿ ಒಂದಷ್ಟು ಮುರಿಯುತ್ತದೆ, ಒಂದಷ್ಟು ಮಲಗುತ್ತದೆ. ತಾಮ್ರದಲ್ಲಿ 15ರಿಂದ 20 ಒಳ್ಳೆಯ ಪ್ರತಿ ಸಿಕ್ಕರೆ ಅದೇ ಹೆಚ್ಚು. ಸತುವಿನಲ್ಲಿ ಅದಕ್ಕಿಂತ ಕಡಿಮೆ, ಅಲ್ಯೂಮಿನಿಯಂನಲ್ಲಿ ಐದಾರು. ನಿಮ್ಮದು ಎಂಟಕ್ಕೇ ಸೋತಿದೆ ಎಂದರೆ ನಾಲ್ಕು ಕಡೆ ಅನುಮಾನಿಸಿ.

ಒಂದು, ಸೂಜಿಯ ಕೋನ. ನೆಟ್ಟಗೆ ಹಿಡಿದರೆ ಎರಡೂ ಬದಿಗೆ ತೆಳ್ಳನೆಯ ಗಿಡ್ಡ ಏರಿ ಏಳುತ್ತದೆ. 60 ಡಿಗ್ರಿಯಷ್ಟು ಓರೆ ಹಿಡಿದರೆ ಒಂದೇ ಬದಿಗೆ ದಪ್ಪನೆಯ, ಬುಡ ಗಟ್ಟಿಯಿರುವ ಏರಿ ಏಳುತ್ತದೆ. ತೀರಾ ಓರೆ ಮಾಡಿದರೆ ಏರಿ ತೆಳುವಾಗಿ ಗೆರೆಯ ಮೇಲೇ ಮಡಚಿಕೊಂಡು ಮೊದಲ ಪ್ರತಿಯಲ್ಲೇ ಉದುರುತ್ತದೆ. ಎರಡು, ಮಸಿ. ಡಬ್ಬಿಯಿಂದ ತೆಗೆದ ಗಟ್ಟಿ ಮಸಿಯನ್ನು ಹಾಗೇ ತಿಕ್ಕಿದರೆ ಒರೆಸಲು ಜೋರು ಬೇಕಾಗುತ್ತದೆ, ಆ ಜೋರೇ ಏರಿಯನ್ನು ಸಾಯಿಸುತ್ತದೆ. ಒಂದು ಚಮಚ ಮಸಿಗೆ ಕಾಯಿಸಿದ ಅಗಸೆ ಎಣ್ಣೆ ನಾಲ್ಕೈದು ಹನಿ ಹಾಕಿ ಅರೆಯಿರಿ, ತಗಡನ್ನು ಕೈ ಇಟ್ಟರೆ ಬೆಚ್ಚಗೆನಿಸುವಷ್ಟು ಬಿಸಿ ಮಾಡಿ. ಮೂರು, ಬಟ್ಟೆ. ಹೊಸ ಮಸ್ಲಿನ್‌ನಲ್ಲಿರುವ ಗಂಜಿ ಅರದಂತೆ ಕೆಲಸ ಮಾಡುತ್ತದೆ. ಕೈಯಲ್ಲಿ ಉಜ್ಜಿ ಗಂಜಿ ಮುರಿದು, ಗೆರೆಯ ಉದ್ದಕ್ಕೆ ಒರೆಸಿ, ಅಡ್ಡಕ್ಕೆ ಬೇಡ. ನಾಲ್ಕನೆಯದು ಪ್ರೆಸ್ಸಿನ ಒತ್ತಡ. ಎಚಿಂಗ್‌ಗೆ ಇಟ್ಟ ಬಿಗಿಯನ್ನೇ ಡ್ರೈಪಾಯಿಂಟಿಗೂ ಇಡುವುದು ಸಾಮಾನ್ಯ ತಪ್ಪು. ಒಂದು ಸುತ್ತು ಸಡಿಲಿಸಿ, ಕಂಬಳಿ ಮೆತ್ತನೆಯದಿರಲಿ.

ಕೊರೆಯುವಾಗ ಎಷ್ಟು ಕಪ್ಪು ಬರುತ್ತದೆ ಎಂದು ನೋಡಲು ಆಗಾಗ ಅಚ್ಚು ತೆಗೆಯಬೇಡಿ, ಪ್ರತಿ ಪರೀಕ್ಷೆಗೂ ಒಂದು ಒಳ್ಳೆಯ ಪ್ರತಿ ನಷ್ಟ. ಮಸಿಗೆ ಸ್ವಲ್ಪ ವ್ಯಾಸಲೀನ್ ಬೆರೆಸಿ ಬೆರಳಲ್ಲಿ ಸವರಿದರೆ ಗೆರೆ ಎದ್ದು ಕಾಣುತ್ತದೆ.

ಈಗ ಅಳಿಸುವ ವಿಷಯ. ‘ಮೂರು ಶಿಲುಬೆಗಳು’ ಮೂರನೇ ಹಂತಕ್ಕೆ ಬಂದಾಗ ಸಹಿಯೂ ಇಸವಿಯೂ ಬಿದ್ದವು, ಅಂದರೆ ಕೆಲಸ ಮುಗಿದಿತ್ತು. ಅಷ್ಟರಲ್ಲಿ ಏರಿ ಸವೆದಿತ್ತು. ಬೇರೆಯವರಾಗಿದ್ದರೆ ಅವೇ ಗೆರೆಗಳನ್ನು ಮತ್ತೆ ತೀಡುತ್ತಿದ್ದರು. ಈತ ಮೂರು ಮೂಲೆಯ ಹೆರೆಗತ್ತಿ ತೆಗೆದುಕೊಂಡು ಜನರನ್ನೇ ಹೆರೆದುಹಾಕಿ, ಉಳಿದದ್ದರ ಮೇಲೆ ಅಡ್ಡಪಟ್ಟಿ ಇಟ್ಟು ಎಳೆದಂಥ ನೇರ ಗೆರೆಗಳನ್ನು ಸುರಿದ. ಹೊಸದಾಗಿ ಬಂದ ಆ ಎತ್ತರದ ಟೋಪಿಯ ಸವಾರ 15ನೇ ಶತಮಾನದ ಇಟಲಿಯ ಪಿಸನೆಲ್ಲೊ ಮಾಡಿದ ಒಂದು ಪದಕದಿಂದ ಎತ್ತಿಕೊಂಡವನು, ಜಾನ್‌ಫ್ರಾಂಚೆಸ್ಕೊ ಗೊಂಜಾಗಾನ ಪದಕ ಅದು.

ವಿಧಾನ ಈಗಲೂ ಅದೇ. ಬರೀ ಏರಿಯನ್ನು ತೆಗೆಯಬೇಕಿದ್ದರೆ ಹೆರೆಗತ್ತಿಯನ್ನು ತಗಡಿಗೆ ಹೆಚ್ಚುಕಡಿಮೆ ಮಲಗಿಸಿ, ಗೆರೆಗೆ ಅಡ್ಡಲಾಗಿ ಹಗುರವಾಗಿ ಎಳೆಯಿರಿ. ಪೂರ್ತಿ ಗೆರೆಯೇ ಹೋಗಬೇಕಿದ್ದರೆ ಗೆರೆಯ ತಳ ಸಿಗುವವರೆಗೆ ಹೆರೆಯಬೇಕು, ಆದರೆ ಗೆರೆಯ ಮೇಲಷ್ಟೇ ಅಲ್ಲ, ಸುತ್ತ ಎರಡು-ಮೂರು ಸೆಂ.ಮೀ. ಅಗಲಕ್ಕೆ ಇಳಿಜಾರಾಗಿ. ಇಲ್ಲದಿದ್ದರೆ ಅಲ್ಲೊಂದು ಬಟ್ಟಲು ಉಂಟಾಗಿ ಮಸಿ ನಿಲ್ಲುತ್ತದೆ, ಬಿಳಿ ಬೇಕಾದ ಕಡೆ ಬೂದು ಮೋಡ ಬರುತ್ತದೆ. ಆಮೇಲೆ ಒಂದು ಹನಿ ಎಣ್ಣೆ ಬಿಟ್ಟು ಬರ್ನಿಶರ್‌ನಲ್ಲಿ (ತಿಕ್ಕಿ ನುಣುಪು ಮಾಡುವ ಉಕ್ಕಿನ ಉಪಕರಣ) ತೀಡಿ, ಕೊನೆಗೆ ಇದ್ದಿಲಿನ ತುಂಡಿಗೆ ನೀರು ಹಾಕಿ ಉಜ್ಜಿ ನುಣುಪು ಮಾಡಬೇಕು. ಬಟ್ಟಲು ತೀರಾ ಆಳವಾಗಿದ್ದರೆ ಕ್ಯಾಲಿಪರ್‌ನ ಒಂದು ಕಾಲನ್ನು ಮುಂದಿನ ತಗ್ಗಿಗೆ, ಇನ್ನೊಂದನ್ನು ಬೆನ್ನಿಗೆ ಇಟ್ಟು ಗುರುತು ಮಾಡಿ, ತಗಡನ್ನು ನುಣುಪಾದ ಅಡಿಗಲ್ಲಿನ ಮೇಲೆ ಬೋರಲು ಹಾಕಿ ಬೆನ್ನಿನಿಂದ ಸುತ್ತಿಗೆಯಲ್ಲಿ ಮೇಲೆಬ್ಬಿಸುತ್ತಾರೆ. ಸುತ್ತಿಗೆಯ ಭಯವಿದ್ದರೆ ಬೆನ್ನಿಗೆ ಆ ಜಾಗದಲ್ಲಿ ಎರಡು-ಮೂರು ಪದರ ತೆಳು ಕಾಗದವನ್ನು ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲಾಗಿ ಅಂಟಿಸಿ. ಅಚ್ಚಿನ ಒತ್ತಡದಲ್ಲಿ ಅದೇ ಮಟ್ಟಕ್ಕೆ ಬರುತ್ತದೆ.

ರೆಂಬ್ರಾಂಟ್ ಈ ಕೊನೆಯ ನಾಜೂಕಿಗೆ ತಲೆ ಕೆಡಿಸಿಕೊಂಡವನಲ್ಲ. ನಾಲ್ಕನೇ ಹಂತವನ್ನು ದೊಡ್ಡದು ಮಾಡಿ ನೋಡಿ, ಅಳಿಸಿದವರ ಛಾಯೆ ಉಳಿದೇ ಇದೆ. 1655ರ ‘ಕ್ರಿಸ್ತನನ್ನು ಜನರೆದುರು ನಿಲ್ಲಿಸಿದ್ದು’ ಕೂಡ ಹಾಗೇ. ಎಂಟು ಹಂತ ಕಂಡ ಡ್ರೈಪಾಯಿಂಟ್ ಅದು. ಕಟ್ಟೆಯ ಕೆಳಗೆ ನೆರೆದಿದ್ದ ಇಡೀ ಗುಂಪನ್ನು ಕೊನೆಯ ಹಂತಗಳಲ್ಲಿ ಹೆರೆದು ಎರಡು ಕತ್ತಲ ಕಮಾನು ಕೊರೆದ. ಮೊದಲ ಹಂತಗಳ ಪ್ರತಿಗಳಲ್ಲಿ ಮೇಲ್ಗಡೆ ಕಾಗದದ ಪಟ್ಟಿ ಅಂಟಿಸಿರುವುದು ಕಾಣುತ್ತದೆ. ಜಪಾನಿ ಕಾಗದದ ಹಾಳೆ ತಗಡಿಗಿಂತ ಚಿಕ್ಕದಾಗಿತ್ತು. ಎಷ್ಟು ದಿನ ಪಟ್ಟಿ ಅಂಟಿಸುವುದು ಎಂದು ಆಮೇಲೆ ತಗಡಿನ ಮೇಲಂಚನ್ನೇ ಸುಮಾರು 2.5 ಸೆಂ.ಮೀ. ಕತ್ತರಿಸಿಬಿಟ್ಟ.

ಹೆರೆಗತ್ತಿ ಉತ್ತರ

ಮೇಲಿನದಕ್ಕೆ ಒಂದು ಸೇರ್ಪಡೆ. ಅಳಿಸುವ ಕೆಲಸ ಕಲಿಯಲು ‘ಮೂರು ಶಿಲುಬೆಗಳು’ಗಿಂತ ಚೆನ್ನಾದ ಉದಾಹರಣೆ ‘ಈಜಿಪ್ಟಿಗೆ ಪಲಾಯನ’, ಸುಮಾರು 1653. ಅದರ ತಗಡು ಮೂಲದಲ್ಲಿ ರೆಂಬ್ರಾಂಟ್‌ನದೇ ಅಲ್ಲ. ಹರ್ಕ್ಯುಲಿಸ್ ಸೇಗರ್ಸ್ ಎಂಬ ಹಿರಿಯ ಕಲಾವಿದ ಕೊರೆದಿದ್ದ ‘ಟೋಬಿಯಾಸ್ ಮತ್ತು ದೇವದೂತ’ ತಗಡನ್ನು ಪಡೆದು, ಬಲಗಡೆಯ ಭಾರೀ ಗಾತ್ರದ ಇಬ್ಬರನ್ನೂ ಹೆರೆದು, ಅಲ್ಲಿ ಮರಗಳ ನಡುವೆ ಕತ್ತೆಯ ಮೇಲೆ ಕೂತ ಮರಿಯಳನ್ನೂ ಜೋಸೆಫನನ್ನೂ ಸಣ್ಣದಾಗಿ ಕೂರಿಸಿದ. ಎಡಗಡೆಯ ಬೆಟ್ಟ ಕಣಿವೆ ಬಹುಪಾಲು ಸೇಗರ್ಸನದೇ. ಮರದ ಎಲೆಗಳ ಮೇಲೆ ಕಣ್ಣಾಡಿಸಿದರೆ ದೇವದೂತನ ರೆಕ್ಕೆಯ ಗೆರೆಗಳು ಈಗಲೂ ಸಿಗುತ್ತವೆ.

ಆಮ್ಲಜಲ ಉತ್ತರ

ಫೆರಿಕ್ ಕ್ಲೋರೈಡಿನ ಪ್ರಶ್ನೆಗೆ. ನಿಮ್ಮ ಎರಡು ತೊಂದರೆಗಳಿಗೆ ಎರಡು ಬೇರೆ ಕಾರಣ.

ಗೆರೆ ತುಂಡಾಗುವುದು ಬಹುತೇಕ ಕೆಸರಿನಿಂದ. ಫೆರಿಕ್ ಕ್ಲೋರೈಡ್ ತಾಮ್ರವನ್ನು ತಿನ್ನುವಾಗ ಗೆರೆಯೊಳಗೆ ಗಸಿ ಕೂರುತ್ತದೆ. ತಗಡನ್ನು ಮುಖ ಮೇಲೆ ಮಾಡಿ ಮಲಗಿಸಿದ್ದರೆ ಗಸಿ ಅಲ್ಲೇ ನಿಂತು ದ್ರಾವಣವನ್ನು ಒಳಗೆ ಬಿಡುವುದಿಲ್ಲ. ಪರಿಹಾರ: ನಾಲ್ಕು ಮೂಲೆಗೆ ಮೇಣದ ಗುಂಡು ಅಂಟಿಸಿ ಮುಖ ಕೆಳಗೆ ಮಾಡಿ, ತಳಕ್ಕೂ ತಗಡಿಗೂ 5 ಮಿ.ಮೀ. ಅಂತರ ಬಿಡಿ. ಇಲ್ಲವೇ ಟೇಪು ಹಾಕಿ ನೆಟ್ಟಗೆ ನಿಲ್ಲಿಸಿ. ಮುಖ ಕೆಳಗೆ ಮಾಡಿ ಇಳಿಸುವಾಗ ಒಂದಂಚಿನಿಂದ ಓರೆಯಾಗಿ ಇಳಿಸಿ, ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಲ್ಲಿ ತಾಮ್ರ ಹಾಗೇ ಉಳಿಯುತ್ತದೆ. ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆಹುಳಿ ಪುಡಿ, ಗಸಿಯನ್ನು ಕರಗಿಸುತ್ತದೆ. ಮೂರು ಪಾಲು ನೀರಿಗೆ ಒಂದು ಪಾಲು ಪುಡಿ ಕರಗಿಸಿ, ಆ ದ್ರಾವಣ ಒಂದು ಪಾಲನ್ನು ನಾಲ್ಕು ಪಾಲು ಫೆರಿಕ್ ದ್ರಾವಣಕ್ಕೆ ಸೇರಿಸಿ. ಎಡಿನ್‌ಬರೋ ಎಚ್ ಎಂದು ಕರೆಯುವುದು ಇದನ್ನೇ.

ಗಟ್ಟಿತನದಲ್ಲಿ ಜನ ಮೋಸಹೋಗುವುದು ಪುಡಿ ಯಾವ ಬಗೆಯದು ಎಂದು ನೋಡದೆ. ಹಳದಿ ಹೆಂಟೆಯದಾದರೆ ಅದರೊಳಗೇ ನೀರಿದೆ, 40 ಪ್ರತಿಶತದ ಒಂದು ಕಿಲೋ ದ್ರಾವಣಕ್ಕೆ ಸುಮಾರು 670 ಗ್ರಾಂ ಹೆಂಟೆ, 330 ಮಿ.ಲೀ. ನೀರು ಬೇಕು. ಕಪ್ಪಗಿನ ನಿರ್ಜಲ ಪುಡಿಯಾದರೆ 400 ಗ್ರಾಂ ಪುಡಿಗೆ 600 ಮಿ.ಲೀ. ನೀರು. ಈ ಕಪ್ಪು ಪುಡಿ ನೀರು ಕಂಡೊಡನೆ ಭಯಂಕರ ಬಿಸಿಯಾಗಿ ಘಾಟು ಹೊಗೆ ಬಿಡುತ್ತದೆ. ಬಯಲಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ನೀರಿಗೆ ಪುಡಿಯನ್ನು ಚಮಚ ಚಮಚವಾಗಿ ಹಾಕಿ, ಪುಡಿಗೆ ನೀರು ಸುರಿಯಬೇಡಿ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. 40 ಪ್ರತಿಶತವೆಂದರೆ ಹೈಡ್ರೋಮೀಟರಿನಲ್ಲಿ 42 ಬೋಮೆಯ (ದ್ರಾವಣದ ಸಾಂದ್ರತೆಯ ಅಳತೆ) ಹತ್ತಿರ. ಗಟ್ಟಿಯಾದಷ್ಟೂ ಬೇಗ ತಿನ್ನುತ್ತದೆ ಎಂಬ ಎಣಿಕೆ ತಪ್ಪು, 36-38 ಬೋಮೆಗೆ ಇಳಿಸಿದರೆ ಇನ್ನೂ ಬೇಗ ತಿನ್ನುತ್ತದೆ.

ಸಿಡುಬಿನ ಚುಕ್ಕಿಗೆ ಕಾರಣ ಗ್ರೌಂಡ್, ಅಂದರೆ ಆಮ್ಲ ತಾಗದಂತೆ ತಗಡಿಗೆ ಹಚ್ಚುವ ಮೇಣದ ಪದರ. ತಗಡಿನ ಮೇಲೆ ಜಿಡ್ಡು ಉಳಿದಿದ್ದರೆ ಗ್ರೌಂಡ್ ಅಲ್ಲಿ ಹಿಡಿಯುವುದಿಲ್ಲ. ಸೀಮೆಸುಣ್ಣದ ಪುಡಿಗೆ ವಿನೆಗರ್ ಹಾಕಿ ಹತ್ತಿಯಲ್ಲಿ ಉಜ್ಜಿ ತೊಳೆದ ಮೇಲೆ ನೀರು ಒಂದೇ ಪರದೆಯಾಗಿ ಇಳಿಯಬೇಕು. ಹನಿಹನಿಯಾಗಿ ಒಡೆದರೆ ಮತ್ತೆ ಉಜ್ಜಿ. ಗ್ರೌಂಡ್ ದಪ್ಪವಾದರೆ ಸೂಜಿ ಹಾಯ್ದ ಕಡೆ ಚಕ್ಕೆ ಏಳುತ್ತದೆ, ತಗಡು ತೀರಾ ಕಾದಿದ್ದರೆ ಮೇಣ ಸುಟ್ಟು ಸೂಕ್ಷ್ಮ ರಂಧ್ರ ಬೀಳುತ್ತದೆ.

ಗ್ರೌಂಡ್ ಮಾತು ಬಂದದ್ದರಿಂದ: 1660ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಒಂದು ಕಲಾ ಕೈಪಿಡಿಯಲ್ಲಿ, ಅಂದರೆ ರೆಂಬ್ರಾಂಟ್ ಬದುಕಿರುವಾಗಲೇ, ಅವನ ಗ್ರೌಂಡಿನ ಪಾಕ ಎಂದು ಹೆಸರು ಹಾಕಿ ಕೊಟ್ಟಿದ್ದಾರೆ. ಜೇನುಮೇಣ ಒಂದು ಔನ್ಸ್, ಮಸ್ತಕಿ ಅಂಟು ಅರ್ಧ ಔನ್ಸ್, ಅಸ್ಫಾಲ್ಟಂ (ನೆಲದಲ್ಲಿ ಸಿಗುವ ಗಟ್ಟಿ ಕಪ್ಪು ವಸ್ತು) ಅರ್ಧ ಔನ್ಸ್. ಮಸ್ತಕಿ ಮತ್ತು ಅಸ್ಫಾಲ್ಟಂ ಬೇರೆಬೇರೆ ನುಣ್ಣಗೆ ಕುಟ್ಟಿ, ಕರಗಿದ ಮೇಣಕ್ಕೆ ಸ್ವಲ್ಪಸ್ವಲ್ಪ ಉದುರಿಸಿ ಕಲಸಿ, ತಣ್ಣೀರಿಗೆ ಸುರಿದು ಉಂಡೆ ಕಟ್ಟುವುದು. ಮಸ್ತಕಿ ದುಬಾರಿ, ಅದರ ಬದಲು ರಾಳ ಹಾಕಬಹುದು, ಆದರೆ ರಾಳ ಹೆಚ್ಚಾದರೆ ಗ್ರೌಂಡ್ ಪೆಡಸಾಗಿ ಸಿಡಿಯುತ್ತದೆ. ರಸ್ತೆಯ ಡಾಂಬರು ಅಸ್ಫಾಲ್ಟಂ ಅಲ್ಲ, ಅದು ಒಣಗುವುದೇ ಇಲ್ಲ.

ಆ ಪಾಕದಲ್ಲಿ ಸ್ವಾರಸ್ಯವಿರುವುದು ಕೊನೆಯ ಸಾಲಿನಲ್ಲಿ. ಕಪ್ಪು ಗ್ರೌಂಡನ್ನು ತೀರಾ ತೆಳ್ಳಗೆ ಹಚ್ಚಿ, ಅದರ ಮೇಲೆ ಬಿಳಿ ಪದರ ಕೊಡಬೇಕು ಅನ್ನುತ್ತದೆ. ಬಿಳಿಯ ಮೇಲೆ ಸೂಜಿ ಆಡಿದರೆ ತಾಮ್ರ ಕೆಂಪಗೆ ಕಾಣುತ್ತದೆ, ಕಾಗದದ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದ ಹಾಗೆ. ಅವನ ಎಚಿಂಗ್‌ಗಳಲ್ಲಿ ಕೈ ಅಷ್ಟು ಸಲೀಸಾಗಿ ಹರಿಯುವುದಕ್ಕೆ ಇದೂ ಒಂದು ಕಾರಣ ಇರಬೇಕು. ಎಚಿಂಗ್‌ನಲ್ಲಿ ಸೂಜಿ ಮೇಣವನ್ನಷ್ಟೇ ಸರಿಸಬೇಕು, ತಾಮ್ರವನ್ನು ಗೀರಬಾರದು. ಗೀರಿದರೆ ಕೈ ಬಿಗಿಯುತ್ತದೆ, ಗೆರೆ ಸೆಟೆಯುತ್ತದೆ.

ಸಮಯಕ್ಕೆ ಅಂದಾಜು ಬೇಕಿದ್ದರೆ, ಹೊಸ ದ್ರಾವಣದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇರುವಾಗ ನಸುಗೆರೆಗೆ 15-20 ನಿಮಿಷ, ನಡುವಿನದಕ್ಕೆ 30-45, ಕಡುಗಪ್ಪಿಗೆ ಒಂದು ಗಂಟೆಯ ಮೇಲೆ. ಮೊದಲ ಗಡುವಿಗೆ ತೆಗೆದು ತೊಳೆದು ಒಣಗಿಸಿ, ನಸುಗೆರೆಗಳಿಗೆ ವಾರ್ನಿಶ್ ಮುಚ್ಚಿ, ಮತ್ತೆ ಇಳಿಸುವುದು. ಹಳೆಯ ದ್ರಾವಣವನ್ನು ಮೋರಿಗೆ ಚೆಲ್ಲಬೇಡಿ. ಅದರಲ್ಲಿ ಕರಗಿದ ತಾಮ್ರವಿದೆ. ತೊಳೆಯುವ ಸೋಡಾ ಸ್ವಲ್ಪಸ್ವಲ್ಪ ಹಾಕಿ ನೊರೆ ನಿಂತ ಮೇಲೆ ತಳಕ್ಕಿಳಿಯುವ ಗಸಿಯನ್ನು ಒಣಗಿಸಿ ಅಪಾಯಕಾರಿ ಕಸಕ್ಕೆ ಕೊಡಬೇಕು.

ಕಪ್ಪುಗೆರೆ ಮತ್ತೆ

ಆಗ ಫೆರಿಕ್ ಕ್ಲೋರೈಡ್ ಇರಲಿಲ್ಲವಲ್ಲ, ಅವನು ಏನು ಬಳಸಿದ? ‘ಡಚ್ ಮಾರ್ಡೆಂಟ್’ ಅಂತ ಒಂದಿದೆ, ಅದೇ ತಾನೇ? ಇನ್ನೊಂದು, ಎಚಿಂಗ್ ಜೊತೆ ಡ್ರೈಪಾಯಿಂಟ್ ಸೇರಿಸುವುದಾದರೆ ಯಾವುದು ಮೊದಲು?

ಆಮ್ಲಜಲ ಉತ್ತರ

ಹೆಸರು ನೋಡಿ ಮೋಸಹೋಗಬೇಡಿ. ಡಚ್ ಮಾರ್ಡೆಂಟ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಪೊಟ್ಯಾಶಿಯಂ ಕ್ಲೋರೇಟ್ ಬೆರೆಸಿದ್ದು, 19ನೇ ಶತಮಾನದ ಕೂಸು. ಅದರಿಂದ ಕ್ಲೋರಿನ್ ಅನಿಲ ಬರುತ್ತದೆ, ಮನೆಯಲ್ಲಿ ಪ್ರಯತ್ನಿಸಲೇಬೇಡಿ. ರೆಂಬ್ರಾಂಟ್‌ನ ಕಾಲದಲ್ಲಿ ಚಾಲ್ತಿಯಲ್ಲಿದ್ದ ಎರಡು ಬಗೆಯೆಂದರೆ ನೈಟ್ರಿಕ್ ಆಮ್ಲ, ಮತ್ತು ವಿನೆಗರ್‌ಗೆ ನವಸಾಗರ, ಉಪ್ಪು, ತಾಮ್ರದ ಕಿಲುಬು ಹಾಕಿ ಕುದಿಸಿದ ನಿಧಾನದ ದ್ರಾವಣ. ಪ್ಯಾರಿಸಿನ ಅಬ್ರಹಾಂ ಬಾಸ್ 1645ರಲ್ಲಿ ಪ್ರಕಟಿಸಿದ ಎಚಿಂಗ್ ಕೈಪಿಡಿಯಲ್ಲಿ ಎರಡನೆಯದರ ವಿವರ ಇದೆ. ನೈಟ್ರಿಕ್ ಗುಳ್ಳೆ ಎಬ್ಬಿಸಿ ಗೆರೆಯ ಅಂಚನ್ನು ಒರಟು ಮಾಡುತ್ತದೆ, ವಿನೆಗರಿನದು ಗುಳ್ಳೆಯಿಲ್ಲದೆ ಸ್ವಚ್ಛವಾಗಿ ಇಳಿಯುತ್ತದೆ. ಗುಣದಲ್ಲಿ ನಿಮ್ಮ ಫೆರಿಕ್ ಕ್ಲೋರೈಡ್ ಆ ಎರಡನೆಯದಕ್ಕೇ ಹತ್ತಿರ.

ಮೊದಲು ಎಚಿಂಗ್, ಆಮೇಲೆ ಡ್ರೈಪಾಯಿಂಟ್. ಉಲ್ಟಾ ಮಾಡಿದರೆ ಗ್ರೌಂಡ್ ಹಚ್ಚಿ ಒರೆಸುವಾಗಲೇ ಏರಿ ಹೋಗುತ್ತದೆ. 1643ರ ‘ಮೂರು ಮರಗಳು’, 1651ರ ‘ಚಿನ್ನ ತೂಗುವವನ ಹೊಲ’ ಎರಡರಲ್ಲೂ ಎಚಿಂಗ್ ಮೇಲೆ ಡ್ರೈಪಾಯಿಂಟ್ ಇದೆ. ಎರಡನೆಯದರ ಒಳ್ಳೆಯ ಪ್ರತಿಯಲ್ಲಿ ಗಿಡಮರಗಳ ಬುಡದಲ್ಲಿ ಹಸಿ ಮಸಿ ಹರಡಿದಂಥ ಕಪ್ಪು ಇರುತ್ತದೆ, ತಡವಾಗಿ ತೆಗೆದ ಪ್ರತಿಯಲ್ಲಿ ಅದು ಪೂರ್ತಿ ಇಲ್ಲ.

ನೀರಚ್ಚು ಉತ್ತರ

ಹರಾಜಿನ ಪ್ರಶ್ನೆಗೆ ಬರೋಣ. ‘ಅಸಲಿ ರೆಂಬ್ರಾಂಟ್’ ಎಂಬ ಎರಡು ಪದದ ಹಿಂದೆ ಮೂರು ಬೇರೆ ವಸ್ತುಗಳಿರಬಹುದು: ಅವನು ಬದುಕಿದ್ದಾಗ ತೆಗೆದ ಪ್ರತಿ, ಅವನ ತಗಡಿನಿಂದ ಅವನು ಸತ್ತ ಮೇಲೆ ಬೇರೆಯವರು ತೆಗೆದ ಪ್ರತಿ, ಫೋಟೋ ತಂತ್ರದಿಂದ ಮಾಡಿದ ನಕಲು. ಬೆಲೆಯಲ್ಲಿ ಅಜಗಜಾಂತರ.

ಆತ 1626ರ ಹೊತ್ತಿನಿಂದ 1665ರವರೆಗೆ 300ರ ಸಮೀಪ ತಗಡುಗಳನ್ನು ಮಾಡಿದ. 1656ರಲ್ಲಿ ದಿವಾಳಿಯಾಗಿ ಮನೆಯ ಸಾಮಾನುಗಳನ್ನೆಲ್ಲ ಪಟ್ಟಿ ಮಾಡಿದರು, 363 ಬಾಬ್ತು. 13,000 ಗಿಲ್ಡರ್‌ಗೆ ಕೊಂಡಿದ್ದ ಆ ಮನೆಯೂ ಹೋಯಿತು. ಅದೇ ಮನೆ ಈಗ ಆಮ್‌ಸ್ಟರ್‌ಡ್ಯಾಮ್‌ನ ರೆಂಬ್ರಾಂಟ್ ಹೌಸ್ ಮ್ಯೂಸಿಯಂ, 1911ರಿಂದ. ತಗಡುಗಳ ಕತೆ ಬೇರೆ ದಾರಿ ಹಿಡಿಯಿತು. 1679ರಲ್ಲಿ ಚಿತ್ರ ವ್ಯಾಪಾರಿ ಕ್ಲೆಮೆಂಟ್ ಡಿ ಯೋಂಘೆಯ ಆಸ್ತಿ ಪಟ್ಟಿಯಲ್ಲಿ 74 ತಗಡು ಕಾಣಿಸಿಕೊಳ್ಳುತ್ತವೆ. ಈ ಯೋಂಘೆಯ ಭಾವಚಿತ್ರವನ್ನು ರೆಂಬ್ರಾಂಟ್ 1651ರಲ್ಲಿ ಎಚ್ ಮಾಡಿದ್ದ. 1767ರಲ್ಲಿ ಪೀಟರ್ ಡಿ ಹಾನ್ ಸಂಗ್ರಹದ ಹರಾಜು, ಅಲ್ಲಿಂದ ಫ್ರಾನ್ಸಿನ ವಾಟೆಲೆ, 1786ರಲ್ಲಿ ಪ್ಯಾರಿಸಿನ ವ್ಯಾಪಾರಿ ಪಿಯೆರ್ ಫ್ರಾಂಸ್ವಾ ಬಸಾನ್. ಈ ಬಸಾನ್ ಸುಮಾರು 1789ರಿಂದ ಅವನ್ನು ಸಂಪುಟ ಮಾಡಿ ಅಚ್ಚು ಹಾಕಿ ಮಾರಿದ. ಅವನ ಮಗ, ಆಮೇಲೆ ಝಾನ್, ಬೆರ್ನಾರ್ ಎಂದು ಕೈ ಬದಲಾಗುತ್ತ ಅಚ್ಚಾಗುತ್ತಲೇ ಹೋದವು. ಸವೆದ ಗೆರೆಗಳನ್ನು ಈ ಜನ ತಾವೇ ಮತ್ತೆ ಕೊರೆದರು. 1906ರಲ್ಲಿ ಕೊಂಡ ಆಲ್ವಿನ್ ಬೋಮಾಂ ಸ್ವಲ್ಪ ಪ್ರತಿ ತೆಗೆದು ತಗಡುಗಳಿಗೆ ಮಸಿ ತುಂಬಿ ವಾರ್ನಿಶ್ ಹೊಡೆದು ಚೌಕಟ್ಟು ಹಾಕಿಸಿದ. 1938ರಲ್ಲಿ ಅಮೆರಿಕದ ರಾಬರ್ಟ್ ಲೀ ಹಂಬರ್ ಕೊಂಡರು, 1993ರಲ್ಲಿ ಅವರ ಸಂಗ್ರಹದ 78 ತಗಡುಗಳು ಮಾರಾಟವಾಗಿ ಜಗತ್ತಿನ ಮ್ಯೂಸಿಯಂಗಳಿಗೂ ಖಾಸಗಿಯವರಿಗೂ ಹಂಚಿಹೋದವು.

ಹಾಗಾಗಿ ‘ಬಸಾನ್ ಅಚ್ಚು’ ಎಂದರೆ ತಗಡು ರೆಂಬ್ರಾಂಟ್‌ನದು, ಮಸಿ-ಕಾಗದ-ಒರೆಸಿದ ಕೈ ಯಾವುದೂ ಅವನದಲ್ಲ. ಮೋಸ ಅಲ್ಲ, ಹಾಗೆಂದು ಹೇಳಿಯೇ ಮಾರಿದರೆ. ಆದರೆ ಡ್ರೈಪಾಯಿಂಟ್ ಕೆಲಸ ನೋಡಬೇಕೆಂದು ಅದನ್ನು ಕೊಳ್ಳುವವರಿಗೆ ಅದರಲ್ಲಿ ಡ್ರೈಪಾಯಿಂಟೇ ಸಿಗುವುದಿಲ್ಲ.

ಕೈಯಲ್ಲಿ ಹಾಳೆ ಇದ್ದರೆ ಮೊದಲು ಬೆಳಕಿಗೆ ಹಿಡಿಯಿರಿ. 17ನೇ ಶತಮಾನದ ಯೂರೋಪಿನ ಕಾಗದ ತಂತಿಜರಡಿಯಲ್ಲಿ ಎತ್ತಿದ್ದು, ಒತ್ತೊತ್ತಾಗಿ ಸಣ್ಣ ಗೆರೆಗಳು, ಅವಕ್ಕೆ ಅಡ್ಡಲಾಗಿ ಎರಡು-ಎರಡೂವರೆ ಸೆಂ.ಮೀ. ಅಂತರದಲ್ಲಿ ಸರಪಳಿ ಗೆರೆಗಳು ಕಾಣಬೇಕು. ಗೆರೆಯೇ ಇಲ್ಲದ ಸಮ ಮೈಯ ಕಾಗದ 1750ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. ಅದರ ಮೇಲಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು. ಆದರೆ ಜಪಾನಿ ಕಾಗದಕ್ಕೆ ಈ ಪರೀಕ್ಷೆ ಸಲ್ಲದು. ಅದರ ಬಣ್ಣ ದಂತದ್ದು, ಮೈ ರೇಷ್ಮೆಯಂತೆ ಹೊಳೆಯುತ್ತದೆ. ಸರಪಳಿ ಗೆರೆ ಇದ್ದ ಮಾತ್ರಕ್ಕೂ ಗೆದ್ದಂತಲ್ಲ, ಹಳೆ ಪುಸ್ತಕದ ಖಾಲಿ ಹಾಳೆ ಕಿತ್ತು ಅಚ್ಚು ಹಾಕುವುದು ಹಳೆಯ ಆಟ.

ನೀರಚ್ಚು, ಅಂದರೆ ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ತಯಾರಕನ ಗುರುತು, ಸಿಕ್ಕರೆ ಅದೇ ದೊಡ್ಡ ಸಾಕ್ಷಿ. ವಿದೂಷಕನ ಟೋಪಿ, ಆಮ್‌ಸ್ಟರ್‌ಡ್ಯಾಮ್ ಲಾಂಛನ, ಸ್ಟ್ರಾಸ್‌ಬರ್ಗ್ ಲಿಲ್ಲಿ ಇವೆಲ್ಲ ಅವನ ಕಾಗದಗಳಲ್ಲಿ ಬರುತ್ತವೆ. ಬರೀ ಟೋಪಿ ಇದೆ ಎಂದರೆ ಸಾಲದು. ಅದರ ಕೊರಳಪಟ್ಟಿಗೆ ಐದು ಮೂಲೆಯೋ ಏಳೋ, ಸರಪಳಿ ಗೆರೆಯಿಂದ ಎಷ್ಟು ದೂರ ಎಂದು ಮಿಲಿಮೀಟರಿನಲ್ಲಿ ಅಳೆದು ಹೋಲಿಸಬೇಕು. ನೆದರ್‌ಲ್ಯಾಂಡ್ಸಿನ ಎರಿಕ್ ಹಿಂಟರ್‌ಡಿಂಗ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ನೀರಚ್ಚುಗಳ ಪಟ್ಟಿಯೇ ಇದೆ. ಒಂದೇ ಜರಡಿಯ ಕಾಗದ ಬೇರೆಬೇರೆ ಚಿತ್ರಗಳಲ್ಲಿ ಸಿಕ್ಕರೆ ಅವು ಒಂದೇ ಹೊತ್ತಿಗೆ ಅಚ್ಚಾದವು ಎಂದು ಲೆಕ್ಕ ಹಾಕಬಹುದು.

ಆಮೇಲೆ ಗೆರೆ. 10 ಪಟ್ಟು ಭೂತಗನ್ನಡಿಯಲ್ಲಿ ನೋಡಿದಾಗ ಮಸಿ ಕಾಗದದ ಮೇಲೆ ಸಣ್ಣ ಏರಿಯಾಗಿ ನಿಂತಿರಬೇಕು. ತಗಡಿನ ಒತ್ತು ಗುರುತು ಕಂಡಿತೆಂದು ಹಿಗ್ಗಬೇಡಿ. 19ನೇ ಶತಮಾನದ ಆಮಾಂ ದುರಾಂ ಫೋಟೋ ತಂತ್ರದಲ್ಲಿ ತಾಮ್ರದ ಮೇಲೇ ನಕಲು ಮಾಡುತ್ತಿದ್ದ, ಅವಕ್ಕೂ ಒತ್ತು ಗುರುತು ಇದೆ, ಮಸಿಯೂ ಎದ್ದು ನಿಲ್ಲುತ್ತದೆ. ಬೆನ್ನಿಗೆ ಅವನ ಮುದ್ರೆ ಇರುತ್ತಿತ್ತು, ಅದನ್ನು ಉಜ್ಜಿ ತೆಗೆದವರೂ ಇದ್ದಾರೆ. ಬೆನ್ನಲ್ಲಿ ಒಂದು ಕಡೆ ಕಾಗದ ತೆಳುವಾಗಿದ್ದರೆ ಯಾಕೆ ಎಂದು ಕೇಳಿ. ಹಂತವನ್ನು ಬಾರ್ಚ್ ಸಂಖ್ಯೆಯಿಂದ (ಬಾರ್ಚ್ ಎಂಬಾತ ಮಾಡಿದ ರೆಂಬ್ರಾಂಟ್ ಅಚ್ಚುಗಳ ಪಟ್ಟಿಯ ಕ್ರಮಸಂಖ್ಯೆ) ಹುಡುಕಬಹುದು. ಬಾರ್ಚ್ 1797ರಲ್ಲಿ ಕೊಟ್ಟ ಸಂಖ್ಯೆಗಳು ಇವತ್ತೂ ಬಹುತೇಕ ಮ್ಯೂಸಿಯಂ ಜಾಲತಾಣಗಳಲ್ಲಿ ನಡೆಯುತ್ತವೆ.

ತಗಡನ್ನು ಅತಿಯಾಗಿ ದುಡಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ‘ನೂರು ಗಿಲ್ಡರ್ ಚಿತ್ರ’ ನೋಡಿ. ಸುಮಾರು 1648ರದು, 28×39 ಸೆಂ.ಮೀ. ಕ್ಯಾಪ್ಟನ್ ವಿಲಿಯಂ ಬೇಲಿ ಎಂಬಾತ 1775ರ ಹೊತ್ತಿಗೆ ಸವೆದ ಆ ತಗಡನ್ನು ಕೊಂಡು, ತಾನೇ ಗೆರೆ ತೀಡಿ ನೂರರಷ್ಟು ಪ್ರತಿ ತೆಗೆದು, ಕೊನೆಗೆ ತಗಡನ್ನು ನಾಲ್ಕು ತುಂಡು ಮಾಡಿ ತುಂಡುಗಳಿಂದಲೂ ಅಚ್ಚು ಹಾಕಿದ. ಕ್ರಿಸ್ತನಿರುವ ನಡುತುಂಡು ಮಾತ್ರ ಬಿಡಿಯಾಗಿ ಮಾರಾಟಕ್ಕೆ ಬಂದರೆ ಅದು ಬೇಲಿಯ ಕೈಚಳಕ.

ಜಾಮಾಪಟ್ಕಾ ಉತ್ತರ

ಮೊಘಲ್ ವಿಷಯ ವಾಟ್ಸ್ಯಾಪ್ ಕತೆಯಲ್ಲ. ಸುಮಾರು 1656ರಿಂದ 1661ರ ನಡುವೆ ರೆಂಬ್ರಾಂಟ್ ಮೊಘಲ್ ಕಿರುಚಿತ್ರಗಳನ್ನು ನೋಡಿ ಮಾಡಿದ ರೇಖಾಚಿತ್ರಗಳಲ್ಲಿ 23ರಷ್ಟು ಉಳಿದಿವೆ. 1747ರಲ್ಲಿ ಇಂಗ್ಲೆಂಡಿನ ಜೋನಾಥನ್ ರಿಚರ್ಡ್‌ಸನ್ ಸಂಗ್ರಹದ ಹರಾಜಿನಲ್ಲಿ ರೆಂಬ್ರಾಂಟ್‌ನ ‘ಇಂಡಿಯನ್’ ರೇಖಾಚಿತ್ರಗಳ ಒಂದು ಪುಸ್ತಕ ಬಂತು, ಅದರಲ್ಲಿ 25 ಇದ್ದವು. 2018ರಲ್ಲಿ ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂ ಇವುಗಳ ಮೇಲೇ ಒಂದು ಪ್ರದರ್ಶನ ಮಾಡಿತು. ಶಾಹಜಹಾನ್ ಮತ್ತು ದಾರಾ ಶಿಕೋ ಇರುವ ಚಿತ್ರ ಗೆಟ್ಟಿಯದೇ.

ಎಲ್ಲಿಂದ ನೋಡಿದ? ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸೂರತ್ತಿನಲ್ಲಿ ಕೋಠಿ ಇತ್ತು, ಬಟ್ಟೆ-ಮೆಣಸಿನ ಜೊತೆ ಚಿತ್ರಗಳೂ ಆಮ್‌ಸ್ಟರ್‌ಡ್ಯಾಮ್ ಸೇರುತ್ತಿದ್ದವು. ಅವನು ನೋಡಿದ ಮೂಲಗಳ ಬಗೆಯ ಚಿತ್ರಗಳು ಈಗ ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ಒಂದು ಕೋಣೆಯಲ್ಲಿವೆ. ಅಲ್ಲಿ ರಾಣಿ ಮರಿಯಾ ತೆರೇಸಾಳ ಕಾಲದಲ್ಲಿ ಮೊಘಲ್ ಚಿತ್ರಗಳನ್ನು ಕತ್ತರಿಸಿ ಗೋಡೆಯ ಬಳುಕು ಚೌಕಟ್ಟುಗಳಿಗೆ ಹೊಂದುವಂತೆ ಅಂಟಿಸಿದರು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ರೇಖಾಚಿತ್ರಗಳಿಗೆ ಆತ ತನ್ನ ಮಾಮೂಲಿ ಕಾಗದ ಬಳಸಲಿಲ್ಲ. ನೀರಚ್ಚು ಅವರು ಹೇಳಿದ ಆ ಪೂರ್ವದೇಶದ ನುಣುಪು ಕಾಗದವನ್ನೇ ತೆಗೆದುಕೊಂಡ. ಕಂದು ಮಸಿ, ತೆಳು ಬಣ್ಣದ ನೀರು. ಮಾಮೂಲಿಯಾಗಿ ಐದು ಗೆರೆಯಲ್ಲಿ ಮನುಷ್ಯನನ್ನು ನಿಲ್ಲಿಸುವವನು ಇಲ್ಲಿ ಜಾಮಾದ (ನಿಲುವಂಗಿ) ಅಂಚು, ಪಟ್ಕಾದ (ನಡುಪಟ್ಟಿ) ಗಂಟು, ಜೋಡಿನ ಮೊನೆ ಎಲ್ಲವನ್ನೂ ತಾಳ್ಮೆಯಿಂದ ಬರೆದ. ಮೊಘಲ್ ಮೂಲದಲ್ಲಿ ಇಲ್ಲದ ಒಂದನ್ನು ಮಾತ್ರ ಸೇರಿಸಿದ: ನೆರಳು.

ಎಚಿಂಗ್‌ಗೂ ಇದಕ್ಕೂ ನೇರ ಕೊಂಡಿ ಇದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಮರದ ಕೆಳಗೆ ಕೂತ ನಾಲ್ವರು ಮುಲ್ಲಾಗಳ ರೇಖಾಚಿತ್ರ ಇದೆ. ಅದನ್ನೂ 1656ರ ‘ಅಬ್ರಹಾಂ ದೇವದೂತರನ್ನು ಸತ್ಕರಿಸಿದ್ದು’ ಎಚಿಂಗನ್ನೂ ಪಕ್ಕದಲ್ಲಿಡಿ. ನೆಲದ ಮೇಲೆ ಹಾಸಿನಲ್ಲಿ ಕೂತ ಭಂಗಿ, ನಡುವೆ ಇಟ್ಟ ಪಾತ್ರೆ, ಬೈಬಲ್ ಕತೆ ಊಟದ ಮೇಜು ಬಿಟ್ಟು ಚಾಪೆಗೆ ಇಳಿದಿದೆ. ಆ ತಗಡು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬೆನ್ನಿಗೆ ಪೀಟರ್ ಗೈಸೆಲ್ಸ್ ಎಂಬ ಇನ್ನೊಬ್ಬ ಕಲಾವಿದ ನಿಸರ್ಗದ ತೈಲಚಿತ್ರ ಬರೆದಿದ್ದಾನೆ. ತಾಮ್ರ ಆಗ ಯಾರೂ ಬಿಸಾಡುವ ಸಾಮಾನಾಗಿರಲಿಲ್ಲ.

ಕೊಡುಕೊಳ್ಳು ಎರಡೂ ಕಡೆಯದು. ಮೊಘಲ್ ಆಸ್ಥಾನದ ಅಬುಲ್ ಹಸನ್ 1600ರಲ್ಲಿ, 13ನೇ ವಯಸ್ಸಿಗೆ, ಜರ್ಮನ್ ಕಲಾವಿದ ಡ್ಯೂರರ್‌ನ ಅಚ್ಚು ನೋಡಿ ಸಂತ ಜಾನ್‌ನನ್ನು ಬರೆದಿದ್ದ. ಅಲ್ಲಿಂದ ಇಲ್ಲಿಗೆ ಬಂದದ್ದು ಅಚ್ಚು, ಇಲ್ಲಿಂದ ಅಲ್ಲಿಗೆ ಹೋದದ್ದು ಕಿರುಚಿತ್ರ. ಎರಡೂ ಹಡಗಿನ ಪೆಟ್ಟಿಗೆಯಲ್ಲಿ ಹಿಡಿಸುವಂಥವು. ರೆಂಬ್ರಾಂಟ್‌ನ 379×453 ಸೆಂ.ಮೀ.ನ ತೈಲಚಿತ್ರ ‘ನೈಟ್ ವಾಚ್’ ಅನ್ನು 1715ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪುರಭವನದ ಗೋಡೆಗೆ ಹಿಡಿಸಲೂ ನಾಲ್ಕು ಬದಿ ಕತ್ತರಿಸಬೇಕಾಯಿತು, ಆ ಅಳತೆ ಕತ್ತರಿಸಿದ ಮೇಲಿನದು. ಅವನ ಹೆಸರು ಅವನ ಕಾಲದಲ್ಲೇ ಯೂರೋಪೆಲ್ಲ ಹರಡಿದ್ದು ಅಚ್ಚುಗಳಿಂದ, ಹೀಗಾಗಿ.

ಕಪ್ಪುಗೆರೆ ಮತ್ತೆ

ಕೊನೆಯ ಪ್ರಶ್ನೆ. ಒಂದೇ ಒಂದು ಅಚ್ಚನ್ನು ಮುಂದಿಟ್ಟುಕೊಂಡು ಅಭ್ಯಾಸ ಮಾಡುವುದಾದರೆ ಯಾವುದು? ಏರಿ ಉಳಿಸಿಕೊಂಡು 100 ಪ್ರತಿ ತೆಗೆಯುವ ದಾರಿ ಅವನಿಗೂ ಗೊತ್ತಿರಲಿಲ್ಲವೇ?

ತಗಡುಕೆಲಸ ಉತ್ತರ

ಗೊತ್ತಿರಲಿಲ್ಲ. ಅದರಿಂದ ಕೆಲಸವೂ ಕೈತಪ್ಪಿತು. ಅವನ ಕೊನೆಯ ಎಚಿಂಗ್ 1665ರ ವೈದ್ಯ ವಾನ್ ಡೆರ್ ಲಿಂಡೆನ್ ಭಾವಚಿತ್ರ. ಪ್ರಕಾಶಕನಿಗೆ ಬೇಕಿದ್ದದ್ದು ಪುಸ್ತಕಕ್ಕೆ ಹಾಕಲು ನೂರಾರು ಪ್ರತಿ ತಾಳುವ ಬ್ಯೂರಿನ್ ಕೆತ್ತನೆ. ಅಪ್ಪ ಅದನ್ನೂ ಚೆನ್ನಾಗಿ ಮಾಡುತ್ತಾರೆ ಎಂದು ಮಗ ಟೈಟಸ್ ಒಪ್ಪಿಸಿ ತಂದ. ಅಪ್ಪ ತನ್ನದೇ ಧಾಟಿಯಲ್ಲಿ ಎಚಿಂಗ್, ಡ್ರೈಪಾಯಿಂಟ್ ಬೆರೆಸಿ ಕೊಟ್ಟ. ಪುಸ್ತಕದಲ್ಲಿ ಅದು ಬಳಕೆಯಾಗಲಿಲ್ಲ. ಈಗಿನವರು ತಾಮ್ರದ ಮೇಲೆ ವಿದ್ಯುತ್ತಿನಿಂದ ಕಬ್ಬಿಣದ ತೆಳುಪದರ ಕೂರಿಸಿ ಏರಿಯನ್ನು ಉಳಿಸುತ್ತಾರೆ, ಆ ವಿದ್ಯೆ 19ನೇ ಶತಮಾನದ್ದು.

ಅಭ್ಯಾಸಕ್ಕೆ 1650ರ ‘ಚಿಪ್ಪು’ ತೆಗೆದುಕೊಳ್ಳಿ. 97×132 ಮಿ.ಮೀ., ನಿಮ್ಮ ತಗಡಿನಲ್ಲಿ ಎರಡು ಹಿಡಿಸುತ್ತದೆ. ಒಂದೇ ಶಂಖದ ಚಿಪ್ಪು, ಅದರಲ್ಲೇ ಎಚಿಂಗ್, ಡ್ರೈಪಾಯಿಂಟ್, ಬ್ಯೂರಿನ್ ಮೂರೂ ಇವೆ. ಮೊದಲ ಹಂತದಲ್ಲಿ ಹಿನ್ನೆಲೆ ಬರೀ ಬಿಳಿ, ಎರಡನೆಯದರಲ್ಲಿ ಕಪ್ಪು ತುಂಬಿದ್ದಾನೆ. ಮೊದಲ ಹಂತದವರೆಗೆ ಮಾಡಿ ಎರಡು ಪ್ರತಿ ತೆಗೆದಿಟ್ಟು, ಆಮೇಲೆ ಹಿನ್ನೆಲೆಗೆ ಕೈ ಹಾಕಿ. ಅಡ್ಡಗೆರೆಗಳನ್ನು ಒಂದರ ಮೇಲೊಂದು ತೀರಾ ಹತ್ತಿರ ಹೆಣೆದರೆ ಆಮ್ಲದಲ್ಲಿ ನಡುವಿನ ತಾಮ್ರ ಕುಸಿದು ಅಲ್ಲಿ ಕಪ್ಪಿನ ಬದಲು ಬೋಳು ಬೂದು ಬರುತ್ತದೆ. ಹಾಗಾಗಿ ಮೊದಲ ಪದರ ಎಚ್ ಮಾಡಿ, ಎರಡನೆಯದನ್ನು ಡ್ರೈಪಾಯಿಂಟಿನಲ್ಲಿ ಹಾಕಿ.

ಒಂದು ಎಚ್ಚರ. ಈ ಜಾತಿಯ ಚಿಪ್ಪು ಬಲಸುತ್ತಿನದು, ಅವನ ಅಚ್ಚಿನಲ್ಲಿ ಎಡಸುತ್ತು ಬಂದಿದೆ. ಎದುರಿಟ್ಟುಕೊಂಡದ್ದನ್ನು ಹಾಗೇ ತಗಡಿಗೆ ಬರೆದ, ಅಚ್ಚಿನಲ್ಲಿ ತಿರುಗಿತು. ಸಹಿಯನ್ನು ಮಾತ್ರ ಮರೆಯದೆ ಕನ್ನಡಿಯಕ್ಷರದಲ್ಲಿ ಕೊರೆದಿದ್ದಾನೆ. ನೀವು ಅವನ ಅಚ್ಚನ್ನು ನೋಡಿ ಹಾಗೇ ತಗಡಿಗೆ ಬರೆದರೆ ಚಿಪ್ಪು ಸರಿಹೋಗಿ ಸಹಿ ತಿರುಗುತ್ತದೆ.